ಮೂರನೆಯ ಷರಾ

ಹಾಜರಿ ಪುಸ್ತಕದಲ್ಲಿ ಹದಿನಾಲ್ಕು ಹುಡುಗಿಯರಿದ್ದರು. ಗೋಡೆಯ ಪಕ್ಕದ ಗೋಣಿತಟ್ಟಿನ ಮೇಲೆ ಒಬ್ಬಳೇ ಇದ್ದಳು. ಓದಲು ಬಾರದಿದ್ದರೇನು, ಮುನಸಿಪಾಲಿಟಿ ಮೆಂಬರ್ ಸಾವಕ್ಕನಿಗೆ ಎಣಿಸಲು ಬರುತ್ತಿತ್ತು.

"ಹದಿನಾಕ ಮಂದಿ ಹಾಜರ ಅಂತ ನೀವ ಓದಿದ್ರಲ್ರೀ ಮಾಸ್ತರ? ಉಳದ ಹದಿಮೂರು ಎಲ್ಲಿ ಅದಾವು?"

ಪರಮಾನಂದ ಮಾಸ್ತರರು ಟೊಪ್ಪಿಗೆ ತೆಗೆದು ಮತ್ತೆ ಇಟ್ಟುಕೊಂಡರು. "ಹೊಟ್ಟಿ ನೋವಂತ್ರೀ ಅಕ್ಕಾರ."

"ಅಬಬಾ! ಹದಿಮೂರೂ ಹೊಟ್ಟಿ ಒಂದ ದಿನಾ ನೋಯ್ತಾವ?"

ಹುಡುಗರು ಕಿಸಕ್ಕೆಂದು ನಕ್ಕರು. ಮಾಸ್ತರರು ಅವರ ಕಡೆ ಕಣ್ಣು ಬಿಟ್ಟರು.

ಈ ಹೊಟ್ಟೆನೋವಿನ ಮೂಲ ರಬಕವಿಯ ನೇಕಾರರ ಓಣಿಗೆಲ್ಲ ಗೊತ್ತಿದ್ದದ್ದೇ. ನಾಳೆ ಸಂತೆ. ಇವತ್ತು ಮಗ್ಗದಿಂದ ಸೀರೆ ಇಳಿಯಬೇಕು. ಸೀರೆ ಇಳಿಯಬೇಕಾದರೆ ಲಾಳಿಗೆ ಹಾಕಲು ನೂಲು ಸುತ್ತಿದ ಕಂಡಿಕೆಗಳು ಬೇಕು, ಕಂಡಿಕೆ ಸುತ್ತುವುದು ಹೆಣ್ಣುಮಕ್ಕಳ ಕೆಲಸ. ಸಂತೆಯ ಹಿಂದಿನ ದಿನ ಊಟದ ಬಿಡುವಿಗೆ ತಾಯಂದಿರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು, ಮಾಸ್ತರರು ಹುಡುಗಿಯರನ್ನು ಕಳಿಸಿಬಿಡುತ್ತಿದ್ದರು. ಪುಸ್ತಕದಲ್ಲಿ ಮಾತ್ರ ಎಲ್ಲರೂ ಕೂತೇ ಇರುತ್ತಿದ್ದರು. ಶಾಲಾ ಕಮಿಟಿಯವರು ಆ ದಿನ ಸಾಲಿಯ ಕಡೆ ತಲೆಹಾಕಿದವರಲ್ಲ, ಅವರ ಮನೆಯಲ್ಲೂ ಮಗ್ಗಗಳಿದ್ದವು.

ಸಾವಕ್ಕ ಹೆಣ್ಣುಮಕ್ಕಳಿಗೆಂದು ಇಟ್ಟ ಜಾಗದಿಂದ ಆ ವರ್ಷವಷ್ಟೇ ಆರಿಸಿ ಬಂದವಳು. ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿಕೊಂಡಿರುತ್ತಾಳೆಂದು ಗಂಡಸು ಮೆಂಬರರು ಅವಳನ್ನು ಶಾಲಾ ಕಮಿಟಿಗೆ ಹಾಕಿದ್ದರು. ಪಾಪ, ಅವರಿಗೆ ಅಷ್ಟೇ ತಿಳಿದದ್ದು.

"ಷರಾ ಪುಸ್ತಕ ತರ್ರಿ," ಅಂದಳು.

ಮಾಸ್ತರರು ದನಿ ತಗ್ಗಿಸಿದರು. "ಅಕ್ಕಾರ, ಅದರಾಗ ನನ್ನ ಮ್ಯಾಲೆ ಈಗಾಗಲೇ ಎರಡು ಕೆಟ್ಟ ಷರಾ ಅದಾವ್ರಿ. ಮೂರನೇದು ಬಿತ್ತಂದ್ರ ಸಾಲಿ ತಪಾಸಣಿ ಡೆಪ್ಯುಟಿ ಸಾಹೇಬ್ರು ನನ್ನ ಎತ್ತಿ ಹೊಳಿ ಆಚಿ ಊರಿಗೆ ಒಗೀತಾರ. ಮನ್ಯಾಗ ಆಕೀಗೆ ದಿನಾ ತುಂಬ್ಯಾವ್ರಿ."

"ಬಾಣಂತನಕ್ಕ ನಾ ಬರ್ತೇನಿ. ಎಣ್ಣಿ, ನೀರು ಎಲ್ಲಾ ನಾನ ಹಾಕ್ತೇನಿ. ಷರಾ ಬರೀರಿ," ಅಂದಳು ಸಾವಕ್ಕ. "ನಮ್ಮವ್ವ ನನ್ನೂ ಹಿಂಗ ಕಂಡಿಕಿ ಸುತ್ತಾಕ ಕರಕೊಂಡು ಹೋಗಿದ್ಲು. ಒಂದ ದಿನ ಅಂತ ಹೋದಾಕಿ ತಿರುಗಿ ಸಾಲಿ ಮಾರಿ ನೋಡಲಿಲ್ಲ. ಈ ಹೆಬ್ಬಟ್ಟ ಒತ್ತೂ ಮುಂದ ಹೊಟ್ಟ್ಯಾಗ ಬೆಂಕಿ ಬೀಳ್ತೈತ್ರೀ ಮಾಸ್ತರ."

ಅಕ್ಷರ ಬಾರದ ಮೆಂಬರರು ಭೆಟ್ಟಿಗೆ ಬಂದರೆ ಅವರು ಹೇಳಿದ್ದನ್ನು ಮಾಸ್ತರರೇ ಷರಾ ಪುಸ್ತಕದಲ್ಲಿ ಬರೆದು ಓದಿ ತೋರಿಸುವುದು, ಅವರು ಕೆಳಗೆ ಹೆಬ್ಬೆಟ್ಟು ಒತ್ತುವುದು ಅಲ್ಲಿಯ ರೂಢಿ. ಹೆಚ್ಚಿನವರು ಚಹಾ ಕುಡಿದು, "ನೀವ ಏನರೆ ಛಲೋದು ಬರಕೋರಿ" ಅಂದು ಎದ್ದು ಹೋಗುತ್ತಿದ್ದರು. ಸಾವಕ್ಕ ಹಾಗೆ ಮಾಡಲಿಲ್ಲ. ತಾನು ಬಂದ ಹೊತ್ತು, ಪುಸ್ತಕದ ಹದಿನಾಲ್ಕು, ತಟ್ಟಿನ ಮೇಲಿನ ಒಂದು, ಸಂತೆ, ಕಂಡಿಕೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ಮಾಸ್ತರರು ಟಾಕನ್ನು ಮಸಿದೌತಿಯಲ್ಲಿ ಅದ್ದಿ ನಾಲ್ಕು ಸಾಲು ಬರೆದರು. ಆಮೇಲೆ ಅವಳು ಹೇಳಿದ್ದನ್ನು ಒಂದು ಮಾತೂ ಬಿಡದೆ ಓದಿ ತೋರಿಸಿದರು.

ಸಾವಕ್ಕ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಳು. ಆದರೆ ಒತ್ತಲಿಲ್ಲ. ತಟ್ಟಿನ ಮೇಲೆ ಕೂತಿದ್ದ ಹೀರಾಳನ್ನು ಕರೆದಳು. ಮಹಾಲಿಂಗಪುರದಿಂದ ಬೆಲ್ಲ ತಂದು ಮಾರುವ ಧರಣೇಂದ್ರನ ಮಗಳು, ಮೂರನೆಯ ಇಯತ್ತೆ. ಮನೆಯಲ್ಲಿ ಮಗ್ಗ ಇಲ್ಲದ್ದರಿಂದ ಸಾಲಿಯಲ್ಲಿ ಉಳಿದುಕೊಂಡವಳು.

"ಬಾ ತಂಗಿ, ಇದನ್ನೊಂದೀಟು ಓದು."

"ಆಕೀಗೆ ಕೈಬರಹ ಓದಾಕ ಬರೂದಿಲ್ರಿ!" ಮಾಸ್ತರರು ಅಡ್ಡ ಬಂದರು.

ಹೀರಾಳ ಮುಖ ಕೆಂಪಾಯಿತು. ಓದುವುದರಲ್ಲಿ ಇಡೀ ಸಾಲಿಗೆ ಅವಳೇ ಮೊದಲು ಎಂದು ಮೊನ್ನೆ ಎಲ್ಲರೆದುರು ಹೇಳಿದವರು ಇದೇ ಮಾಸ್ತರರು. "ಬರತೈತ್ರೀ!" ಅಂದವಳೇ ಪುಸ್ತಕ ಎಳೆದುಕೊಂಡು, ಎಲ್ಲಿಯೂ ತಡವರಿಸದೆ ಗಟ್ಟಿಯಾಗಿ ಓದಿದಳು:

"ಶಾಲೆಗೆ ಭೆಟ್ಟಿ ಕೊಟ್ಟೆನು. ಹಾಜರಿ ಪೂರ್ಣವಿದೆ. ಹುಡುಗಿಯರ ಪ್ರಗತಿ ಸಮಾಧಾನಕರ. ಮಾಸ್ತರರು ಶ್ರದ್ಧೆಯಿಂದ ಕಲಿಸುತ್ತಾರೆ."

ಈ ಸಲ ಹುಡುಗರು ಯಾರೂ ನಗಲಿಲ್ಲ. ಮಾಸ್ತರರು ನಾಚಿಕೆಯಿಂದ ನೆಲ ನೋಡುತ್ತ ನಿಂತರು.

"ಕಡೀ ಮಾತು ಖರೇ ಐತಿ ನೋಡ್ರಿ," ಅಂದಳು ಸಾವಕ್ಕ. ಅವಳು ಚುಚ್ಚಲು ಆಡಿದ ಮಾತಾಗಿರಲಿಲ್ಲ ಅದು. "ಅದೊಂದು ಇರಲಿ. ಉಳದದ್ದು ಹೊಡದ ಹಾಕ್ರಿ. ತಂಗಿ, ಈಗ ನಾ ಹೇಳ್ತೇನಿ, ನೀ ಬರಿ."

ಮಾಸ್ತರರು ಮೂರು ಸಾಲುಗಳ ಮೇಲೆ ಗೆರೆ ಎಳೆದು ಟಾಕನ್ನು ಹೀರಾಳ ಕೈಗೆ ಕೊಟ್ಟರು. ಅವಳು ಅಲ್ಲಿಯ ತನಕ ಪಾಟಿಯ ಮೇಲಷ್ಟೇ ಬರೆದವಳು, ಟಾಕು ಹಿಡಿದದ್ದು ಅದೇ ಮೊದಲು. ಬೆರಳು ತೊಯ್ಯುವಷ್ಟು ಅದ್ದಿ ತೆಗೆದಳು. ಕಾಗದದ ಮೇಲೆ ದೊಡ್ಡ ಹನಿ ಬಿತ್ತು. ಗಾಬರಿಯಾಗಿ ಮಾಸ್ತರರ ಮುಖ ನೋಡಿದಳು.

ಅವರು ಪಕ್ಕದಲ್ಲಿ ಕೂತು, ಅವಳ ಬೆರಳುಗಳನ್ನು ಟಾಕಿನ ಮೇಲೆ ಒಂದೊಂದಾಗಿ ಸರಿಯಾಗಿ ಇಟ್ಟರು.

"ಅಷ್ಟು ಅದ್ದಬಾರದು. ದೌತಿ ಅಂಚಿಗೆ ಒರಸು. ಹಾಂ, ಈಗ ಬರಿ. ದುಂಡಗ ಬರಿ."