ತೊಂಬತ್ತು ಇನ್ನಿಂಗ್ಸ್

"ಇಲ್ಲಿ ಸಹಿ ಮಾಡಿದರೆ ಮುಗಿಯಿತು," ಎಂದು ತಂಡದ ಅಧಿಕಾರಿ ಇಂದುಧರ ಇಂಗ್ಲಿಷಿನಲ್ಲಿ ಹೇಳಿ, ಒಪ್ಪಂದದ ಕೊನೆಯ ಪುಟವನ್ನು ಆಟಗಾರ ತಾಬಿಶ್‌ನ ಮುಂದೆ ಸರಿಸಿದ. ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ ನೀರಜಾಗೆ ತಡೆಯಲಾಗಲಿಲ್ಲ. ಕನ್ನಡದಲ್ಲಿ ಅಂದಳು: "ಸರ್, ಇದು ನಾನು ಕೊಟ್ಟ ಪ್ಲಾನ್ ಅಲ್ಲ."

"ಕನ್ನಡದಾಗ ಅಂದಿದ್ದು ಛಲೋ ಆತು," ಇಂದುಧರ ತಾಬಿಶ್‌ನತ್ತ ನಗುತ್ತಲೇ ಉತ್ತರಿಸಿದ.

"ಅವರ ಮನೆಯವರು ಮೈಸೂರಿನವರು ಅಂತ ಫೈಲ್‌ನಲ್ಲಿದೆ. ಸ್ವಲ್ಪ ನಿಧಾನ."

"ಹೆಸರು ನೋಡ್ರಿ ಮೊದ್ಲ. ಮನ್ಯಾಗ ಉರ್ದು, ಹುಟ್ಟಿದ್ದು ಇಲ್ಲೇ ಕ್ಯಾಲಿಫೋರ್ನಿಯಾದ ವಾಲ್‌ನಟ್ ಊರಾಗ. ಅವಗ ಎಲ್ಲಿಂದ ಬರಬೇಕು ಕನ್ನಡ? ನನ್ನ ಮಗಳಿಗೇ ಬರಂಗಿಲ್ಲ."

ಸ್ಯಾನ್ ಡಿಯಾಗೊದ ಆ ಬೇಸ್‌ಬಾಲ್ ತಂಡದಲ್ಲಿ ಪಂದ್ಯ ಶುರು ಮಾಡುವ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಐವರಿದ್ದರು. ಇಬ್ಬರು ಹೆಚ್ಚಿನ ಸಂಬಳಕ್ಕೆ ಲಾಸ್ ಏಂಜಲೀಸ್ ಕಡೆಗೆ ಹೋದರು, ಮೂರನೆಯವನ ಭುಜ ಹೋಯಿತು. ಬಜೆಟ್ ಒಂದು ಡಾಲರೂ ಏರುವುದಿಲ್ಲ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಆಗ ಅಂಕಿಅಂಶದ ಕೆಲಸಕ್ಕಿದ್ದ ನೀರಜಾ ಎರಡು ತಿಂಗಳು ಕೂತು ಒಂದು ದಾರಿ ಹುಡುಕಿದ್ದಳು. ಮೊಣಕೈ ಆಪರೇಷನ್ ಆಗಿ ಬೇರೆ ತಂಡಗಳು ಮುಟ್ಟಲು ಹೆದರುವ ಹುಡುಗರನ್ನು ಕಡಿಮೆ ಸಂಬಳಕ್ಕೆ ತರುವುದು. ಒಬ್ಬೊಬ್ಬನ ಎಕ್ಸ್‌ರೇ, ಎಸೆತದ ವೇಗ ಎಲ್ಲ ನೋಡಿ, ಒಂದು ಸೀಸನ್ನಿನಲ್ಲಿ ಇಷ್ಟು ಇನ್ನಿಂಗ್ಸ್ ಆದ ಮೇಲೆ ಎಸೆಯಬಾರದು ಎಂದು ಕೆಂಪು ಗೆರೆ ಎಳೆಯುವುದು. ಗೆರೆ ತಲುಪಿದವನನ್ನು ಕೂರಿಸಿ, ಎರಡನೇ ವರ್ಷದ ಸಂಬಳ ಮತ್ತು ಚಿಕಿತ್ಸೆಯ ಖಾತರಿ ಕೊಡುವುದು. ತಾಬಿಶ್‌ನ ಗೆರೆ ತೊಂಬತ್ತಕ್ಕಿತ್ತು. ಇಂದುಧರ ಗೆರೆಗಳನ್ನೆಲ್ಲ ಹಾಗೇ ಇಟ್ಟುಕೊಂಡು ಎರಡನೇ ವರ್ಷವನ್ನು ಮಾತ್ರ ಅಳಿಸಿದ್ದ.

"ತೊಂಬತ್ತಕ್ಕೆ ನಿಲ್ಲಿಸ್ಬೇಕು ಅಂತ ನಾನು ಬರ್ದಿದ್ದು. ತೊಂಬತ್ತರವರೆಗೆ ಹಿಂಡಬಹುದು ಅಂತಲ್ಲ."

"ಹಿಂಡಿದ್ರೂ ನಿಲ್ಲಿಸಿದ್ರೂ ತೊಂಬತ್ತು ತೊಂಬತ್ತೇ ಅಲ್ಲೇನ್ರಿ? ಆಗಸ್ಟ್‌ತನಕ ಒಗಿತಾನ. ಆಮ್ಯಾಲ ಆ ಜಾಗಕ್ಕ ಇನ್ನೊಂದು ಕೈ. ಒಬ್ಬ ದೊಡ್ಡ ಪಿಚರ್‌ನ ರೊಕ್ಕದಾಗ ಆರು ಕೈ ಬರತಾವ. ಉಳದ ಐದು ಮಂದಿ ಮಾತಿಲ್ದ ಸಹಿ ಹಾಕ್ಯಾರ. ನಿಮ್ಮ ಲೆಕ್ಕಾನ ಇದು, ನಿಮಗ ಖುಷಿ ಆಗಬೇಕು."

"ಮೊಣಕೈ ಲಿಗಮೆಂಟ್ ಮತ್ತೆ ಹರಿದ್ರೆ? ಎರಡನೇ ಸಲ ಹರಿದೋರಲ್ಲಿ ಎಷ್ಟು ಜನ ವಾಪಸ್ ಬಂದಿದಾರೆ ಅಂತ ನಿಮಗೇ ಗೊತ್ತು. ಯಾರು ನೋಡ್ತಾರೆ ಅವನನ್ನ?"

"ಅವನ ಅಪ್ಪ ಅದಾನಲ್ಲ."

"ನಾಚಿಕೆ ಆಗಲ್ವಾ ನಿಮಗೆ!" ನೀರಜಾಳ ದನಿ ಏರಿತು. ಇಪ್ಪತ್ತನಾಲ್ಕು ವರ್ಷದ ಹುಡುಗ. ಆಪರೇಷನ್ ಆದ ವರ್ಷವೆಲ್ಲ ಸ್ಯಾನ್ ಪೀಡ್ರೊದ ಗೋದಾಮಿನಲ್ಲಿ ಎಡಗೈಯಿಂದಲೇ ಲೇಬಲ್ ಅಂಟಿಸಿ, ಮತ್ತೆ ಎಸೆಯಲು ಕಲಿತು ಬಂದವನು. "ಕಸಾಯಿಖಾನೆ ನಡೆಸೋರೂ ಹೀಗೆ ಮಾತಾಡಲ್ಲ."

ತಾಬಿಶ್ ತಲೆ ಎತ್ತಿ ನೋಡಿದ. ನೀರಜಾ ತಕ್ಷಣ ಮುಗುಳ್ನಕ್ಕು, "ಏನಿಲ್ಲ, ಒಂದು ಅಂಕಿ ಸರಿಹೋಗುತ್ತಿಲ್ಲ, ಅಷ್ಟೇ," ಎಂದು ಇಂಗ್ಲಿಷಿನಲ್ಲಿ ಹೇಳಿದಳು.

"ದೀರ್ಘಕಾಲ ನಮ್ಮ ಜೊತೆ ಇರುತ್ತೀಯ," ಎಂದು ಇಂದುಧರ ಅದಕ್ಕೆ ಇಂಗ್ಲಿಷಿನಲ್ಲೇ ಸೇರಿಸಿದ.

ತಾಬಿಶ್ ಬಲಗೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಎಡಗೈಯಲ್ಲಿ ಪುಟಗಳನ್ನು ಹಿಂದಕ್ಕೆ ತಿರುವಿ, ಅವಧಿಯ ಕಲಮು ಇರುವಲ್ಲಿ ಬೆರಳಿಟ್ಟು ನಿಧಾನವಾಗಿ ಓದಿದ. ಪೆನ್ನಿನ ಮುಚ್ಚಳ ಹಾಕಿದ.

"ಆಗಸ್ಟ್ ಎಷ್ಟನೇ ತಾರೀಖು?" ಎಂದು ಕೇಳಿದ. ಕನ್ನಡದಲ್ಲಿ.

ಹೊರಗೆ ಮೈದಾನದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಒಂದು ಸುತ್ತು ಮುಗಿಸಿ ತಿರುಗಿತು.

"ನಮ್ಮಜ್ಜಿ ಮೈಸೂರಿನ ಮಂಡಿ ಮೊಹಲ್ಲಾದ ಸ್ಕೂಲಲ್ಲಿ ಕನ್ನಡ ಟೀಚರ್ ಆಗಿದ್ರು. ಆಮೇಲೆ ಇಲ್ಲಿಗೆ ಬಂದು ನನ್ನ ಬೆಳೆಸಿದ್ದು ಅವ್ರೇ," ಎಂದ ತಾಬಿಶ್. ಪದಗಳ ನಡುವೆ ತಡವರಿಸಿದರೂ ಮಾತು ಸ್ವಚ್ಛವಾಗಿತ್ತು. "ಮಾತಾಡೋದು ಕಮ್ಮಿ. ಅರ್ಥ ಎಲ್ಲಾ ಆಗತ್ತೆ."

ಇಂದುಧರನ ಮುಖ ಒಂದು ಕ್ಷಣ ಬಿಳಿಚಿತು. ಮರುಕ್ಷಣವೇ ಅರಳಿತು. "ಅರೇ! ನಮ್ಮವನ ಅದೀಯಲ್ಲೋ! ಮೊದ್ಲ ಹೇಳಬಾರದೇನ? ಭಾನುವಾರ ಮನೀಗೆ ಬಾ, ಜೋಳದ ರೊಟ್ಟಿ ಮಾಡಸ್ತೀನಿ. ಇದೆಲ್ಲ ಆಫೀಸಿನ ಮಾತು, ಮನಸಿಗೆ ಹಚ್ಕೋಬ್ಯಾಡ." ಮೇಜಿನಾಚೆಯಿಂದ ಕೈ ಚಾಚಿದ.

ತಾಬಿಶ್ ತನ್ನ ಕೈಯನ್ನು ತೊಡೆಯಿಂದ ಎತ್ತಲಿಲ್ಲ. "ಅಂಕಲ್, ಎರಡನೇ ವರ್ಷ ಬರ್ಕೊಡಿ, ಸಹಿ ಮಾಡ್ತೀನಿ."

"ಅದು ನನ್ನ ಕೈಯಾಗಿಲ್ಲಪ್ಪ. ಬಜೆಟ್."

ತಾಬಿಶ್ ಒಪ್ಪಂದವನ್ನು ಹಾಗೇ ಹಿಂದಕ್ಕೆ ಸರಿಸಿ ಎದ್ದ. ನೀರಜಾ ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿದಳು. ಇಂದುಧರ, "ನೀರಜಾ!" ಎಂದು ಗದರಿದ್ದು ಅವಳಿಗೆ ಕೇಳಿಸದಂತಿತ್ತು. "ನೋಡಿ, ಈ ಗೆರೆ. ಎಲ್ಲೇ ಆಡಿದ್ರೂ ಮೊದಲ ವರ್ಷ ಇದನ್ನ ದಾಟಬೇಡಿ. ಎರಡನೇ ವರ್ಷ ಇಲ್ಲದೆ ಯಾರಿಗೂ ಸಹಿ ಹಾಕ್ಬೇಡಿ. ನೀವು ಎದ್ದಿದ್ದು ಒಳ್ಳೇದಾಯ್ತು."

ಅವನು ಬಾಗಿ ಆ ಗೆರೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ಥ್ಯಾಂಕ್ಸ್ ಮೇಡಂ. ಒಂದು ಕೇಳ್ಲಾ? ನಿಮಗೆ ಅಷ್ಟೊಂದು ಕೋಪ ಬಂತಲ್ಲ. ಅದು ಇಂಗ್ಲಿಷಲ್ಲಿ ಯಾಕೆ ಬರ್ಲಿಲ್ಲ?"