ಒಂದೇ ಹುದ್ದೆ

"ಇದು ನಾನು ಬರೆದಿದ್ದು ಸರ್," ಎಂದು ಅವಳು ಕ್ರೀಡಾಪುಟವನ್ನು ಸಂಪಾದಕರ ಮೇಜಿಗೆ ಬಡಿದಳು. ಫುಟ್‌ಬಾಲ್ ಫೈನಲ್ ವರದಿಯ ಮೊದಲರ್ಧ ಅಕ್ಷರಶಃ ಅವಳದೇ. ಸೋತ ಗೋಲ್‌ಕೀಪರನ ಮಾತುಗಳು ಇನ್ನೊಬ್ಬರ ವರದಿಯವು. ಮೇಲೆ 'ನಮ್ಮ ಪ್ರತಿನಿಧಿಯಿಂದ' ಎಂದಷ್ಟೇ ಇತ್ತು. ಕ್ರೀಡಾ ವರದಿಗಾರರ ಒಂದೇ ಒಂದು ಹುದ್ದೆಗೆ ಅರ್ಜಿ ಹಾಕಿದವರನ್ನೆಲ್ಲ ಆ ಪಂದ್ಯಕ್ಕೆ ಅಟ್ಟಿ, ಚೆನ್ನಾಗಿ ಬರೆದವರಿಗೆ ಕೆಲಸ ಎಂದಿದ್ದವರು ಇವರೇ.

"ಚೆನ್ನಾಗಿತ್ತಮ್ಮ, ಅದಕ್ಕೇ ಹಾಕಿದ್ವಿ," ಎಂದರು ಸಂಪಾದಕರು, ಕನ್ನಡಕ ಒರೆಸುತ್ತಾ. "ಪತ್ರಿಕೆ ತಗೊಳ್ಳೋರೇ ಇಲ್ಲ, ಹೊಸಬರನ್ನ ಹೇಗೆ ತಗೊಳ್ಳಲಿ? ಭಾನುವಾರ ಅಥ್ಲೆಟಿಕ್ಸ್ ಇದೆ. ಇನ್ನೊಂದು ಸಲ ಬರೆದುಕೊಡಿ, ನೋಡೋಣ."

"ಬಿಟ್ಟಿ ಬರೆಸಿಕೊಳ್ಳೋದಕ್ಕೆ ಪರೀಕ್ಷೆ ಅಂತ ಹೆಸರು ಬೇರೆ! ನಾಚಿಕೆ ಆಗಲ್ವಾ ನಿಮಗೆ?" ಉತ್ತರಕ್ಕೂ ಕಾಯದೆ ಬಾಗಿಲು ಎಳೆದುಕೊಂಡು ಹೊರಬಂದಳು.

ಹೊರಗಿನ ಬೆಂಚಿನ ಮೇಲೆ ಅದೇ ಹುದ್ದೆಗೆ ಅರ್ಜಿ ಹಾಕಿದ್ದ ಹಿರಿಯ ವರದಿಗಾರರೊಬ್ಬರು ಕೂತಿದ್ದರು. ಅವರು ಇಷ್ಟು ವರ್ಷ ದುಡಿದ ಪತ್ರಿಕೆ ಮೊನ್ನೆ ಮೊನ್ನೆ ಮುಚ್ಚಿಹೋಗಿತ್ತು. ಗೋಲ್‌ಕೀಪರನನ್ನು ಮಾತಾಡಿಸಿದ್ದು ಅವರೇ. "ನಿಮ್ಮದನ್ನೂ ಕದ್ದಿದ್ದಾರೆ ಸರ್," ಎಂದಳು ಅವಳು. " ಕೆಲಸವೂ ಇಲ್ಲ, ಮಣ್ಣೂ ಇಲ್ಲ. ಭಾನುವಾರ ಮತ್ತೆ ಬರೆದುಕೊಡಬೇಕಂತೆ! ನಾನಂತೂ ಬರೆಯಲ್ಲ. ಬನ್ನಿ, ಇಬ್ಬರೂ ಸೇರಿ ಕೇಳೇಬಿಡೋಣ."

ಅವರು ಎದ್ದು ಅಂಗಿಯ ಕಾಲರ್ ಸರಿಮಾಡಿಕೊಂಡರು. "ನೀನು ಖಂಡಿತ ಬರೆಯಲ್ವಾ?"

"ಸತ್ತರೂ ಇಲ್ಲ."

"ಹಾಗಾದ್ರೆ ಒಬ್ಬರು ಕಮ್ಮಿ ಆದ್ರು," ಎಂದು ಅವಳ ಮುಖ ನೋಡದೆ ಹೇಳಿ, ಅವರು ಸಂಪಾದಕರ ಬಾಗಿಲನ್ನು ಮೆಲ್ಲಗೆ ತಟ್ಟಿದರು.