ಅಮ್ಮನ ಮುಖದ ಮೇಲಿನ ಗೀರು

ಕಲಾ ಕಾಲೇಜಿನ ಅಚ್ಚಿನ ಪ್ರೆಸ್ಸಿನಿಂದ ಕಾಗದವನ್ನು ಎತ್ತಿದವಳೇ ಹುಡುಗಿ ಹಾಗೇ ನಿಂತುಬಿಟ್ಟಳು. ಕಾಗದದ ಮೇಲಿದ್ದದ್ದು ಅವಳ ಅಮ್ಮ. ಇಪ್ಪತ್ತೈದರ ಆಸುಪಾಸಿನ ಅಮ್ಮ, ಕೆನ್ನೆಯ ಮಚ್ಚೆಯ ಸಮೇತ. ಆ ಚೆಂದದ ಮುಖದ ಮೇಲೆ ಯಾರೋ ಮೂಲೆಯಿಂದ ಮೂಲೆಗೆ, ಸೇಡು ತೀರಿಸಿಕೊಂಡವರಂತೆ, ಎರಡು ಗೀರು ಎಳೆದಿದ್ದರು.

ಆ ಚಿತ್ರ ಕೊರೆದಿದ್ದ ತಾಮ್ರದ ಪ್ಲೇಟು ಸಿಕ್ಕಿದ್ದು ಅಚ್ಚುಕಲೆ ಕಲಿಸುವ ಮೇಷ್ಟ್ರ ಕಪಾಟಿನ ಕೆಳಗಿನ ಖಾನೆಯಲ್ಲಿ, ಮೆತ್ತನೆಯ ಬಟ್ಟೆ ಸುತ್ತಿದ್ದ ಹಾಗೇ. ಆ ಖಾನೆಗೆ ಯಾರೂ ಕೈಹಾಕಬಾರದೆಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಬೇಡ ಎಂದದ್ದನ್ನು ಮಾಡದಿದ್ದರೆ ಈ ಹುಡುಗಿಗೆ ಉಂಡದ್ದು ಅರಗುವುದಿಲ್ಲ. ಫೋಟೋದ ಮೇಲೆ ಅಚ್ಚು, ಅಚ್ಚಿನ ಮೇಲೆ ಫೋಟೋ, ಎಲೆ, ತಗಡು, ಕೊನೆಗೆ ಅಪ್ಪನ ಚಪ್ಪಲಿಯ ಅಟ್ಟೆ. ಮಸಿ ಬಳಿದು ಅವಳು ಕಾಗದಕ್ಕೆ ಒತ್ತದೆ ಬಿಟ್ಟ ವಸ್ತುವಿರಲಿಲ್ಲ. ಥಿಯರಿ ತರಗತಿ ಶುರುವಾಯಿತೆಂದರೆ ಮಾತ್ರ ಡಾರ್ಕ್‌ರೂಮಿನೊಳಗೆ ಮಾಯ.

ಅಮ್ಮನ ಮುಖ ಮೇಷ್ಟ್ರ ಕಪಾಟಿನಲ್ಲಿ ಏಕಿದೆ? ಮೇಷ್ಟ್ರು ಮದುವೆಯಾಗಿಲ್ಲ. ಗಡ್ಡ ಪೂರ್ತಿ ನೆರೆತಿದೆ, ವಯಸ್ಸೆಷ್ಟೆಂದು ಯಾರಿಗೂ ಗೊತ್ತಿಲ್ಲ. ವಾರಕ್ಕೊಮ್ಮೆಯಾದರೂ, ಬೇರೇನೋ ನೋಡುತ್ತಿರುವವರಂತೆ, "ಅಮ್ಮ ಚೆನ್ನಾಗಿದ್ದಾರಾ?" ಎಂದು ಕೇಳುತ್ತಾರೆ. ಅಪ್ಪನ ಸುದ್ದಿಯನ್ನು ಒಂದು ದಿನವೂ ಕೇಳಿದವರಲ್ಲ.

ಕಾಲೇಜಿಗೆ ಸೇರಿದ ದಿನದ ನೆನಪು ಈಗ ಮುಳ್ಳಿನಂತೆ ಚುಚ್ಚಿತು. ಕಾರಿಡಾರಿನ ತುದಿಯಲ್ಲಿ ಅಮ್ಮ ಮೇಷ್ಟ್ರ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. "ನೋಡು, ಅವಳಿಗೆ ಇದೆಲ್ಲ ಗೊತ್ತಾಗೋದೇ ಬೇಡ. ಬಾಯಿ ಬಿಟ್ಟೀಯ, ಜೋಕೆ."

ನೋಡು! ಬಿಟ್ಟೀಯ! ಕಟ್ಟಿಕೊಂಡ ಗಂಡನನ್ನೇ ಇವತ್ತಿಗೂ 'ರೀ' ಎಂದು ಕರೆಯುವ ಅಮ್ಮ, ಊರವರೆಲ್ಲ 'ಸಾರ್' ಎನ್ನುವ ಮನುಷ್ಯನನ್ನು ಏಕವಚನದಲ್ಲಿ ಗದರಿಸುತ್ತಿದ್ದಳು. ಅವರು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ಅಂಥ ಸಲುಗೆ ಸುಮ್ಮನೆ ಹುಟ್ಟುವುದಿಲ್ಲ. ಪ್ರೀತಿಸಿದ್ದಾರೆ, ಅಮ್ಮ ಕೈಕೊಟ್ಟಿದ್ದಾಳೆ, ಮೇಷ್ಟ್ರು ಸಿಟ್ಟಿನಲ್ಲಿ ಚಿತ್ರದ ಮೇಲೆ ಗೀರಿದ್ದಾರೆ. ಎರಡೂ ಎರಡೂ ನಾಲ್ಕು.

ಮನೆಗೆ ಬಂದಾಗ ಅಪ್ಪ ಸೋಫಾದಲ್ಲಿ ಕೂತು ಶರ್ಟಿನ ಗುಂಡಿ ಹೊಲಿಯುತ್ತಿದ್ದರು. ಮಗಳ ಕಪ್ಪಾದ ತೋಳು ನೋಡಿ ಎಂದಿನ ಜೋಕು ಹೊಡೆದರು: "ನಂಗೆ ಕಲೆ ಅಂದ್ರೆ ಬಟ್ಟೆ ಮೇಲಾಗೋ ಕಲೆ ಒಂದೇ ಗೊತ್ತು ಕಣಮ್ಮ." ತಾವೇ ನಕ್ಕರು. ಈ ಪಾಪದ ಪ್ರಾಣಿಗೆ ವಿಷಯ ಗೊತ್ತಾದರೆ ಏನಾದೀತು?

"ಸೋಪು ಹಾಕಬೇಡ, ಮೊದಲು ಎಣ್ಣೆ ಹಚ್ಚಿ ಉಜ್ಜು," ಎಂದು ಅಮ್ಮ ಅಡುಗೆಮನೆಯಿಂದ ಕೂಗಿದಳು. ಮಸಿ ಹೋಯಿತು. ಅನುಮಾನ ಹೋಗಲಿಲ್ಲ.

ಬಾಯಿಬಿಟ್ಟು ಕೇಳುವ ಧೈರ್ಯ ಅವಳಿಗಿರಲಿಲ್ಲ. ಗೋಡೆಗೆ ನೇತುಹಾಕುವ ಧೈರ್ಯ ಇತ್ತು. ವರ್ಷದ ಕೊನೆಯ ಪ್ರದರ್ಶನಕ್ಕೆ ಅವಳ ಕೃತಿ ಸಿದ್ಧವಾದದ್ದು ಹೀಗೆ: ಒಂದೇ ಹಾಳೆಯ ಅರ್ಧದಲ್ಲಿ ಗೀರು ಬಿದ್ದ ಹಳೆಯ ಅಮ್ಮ, ಇನ್ನರ್ಧದಲ್ಲಿ ಅಚ್ಚಿಗಿಳಿಸಿದ ಫೋಟೋದಲ್ಲಿ ಈಗಿನ ಅಮ್ಮ. ಅಮ್ಮ, ಮೇಷ್ಟ್ರು ಇಬ್ಬರೂ ಒಟ್ಟಿಗೆ ಅದರ ಮುಂದೆ ನಿಲ್ಲಲಿ, ಮುಖಗಳೇ ಸತ್ಯ ಹೇಳುತ್ತವೆ ಎಂಬುದು ಅವಳ ಲೆಕ್ಕ. ಫೋಟೋ ತೆಗೆಯುವಾಗ ಅಮ್ಮನದೇ ದರ್ಬಾರು: "ಕಿಟಕಿಗೆ ಎದುರಾಗಿ ನಿಲ್ಲಿಸಬೇಡ್ವೇ, ಮುಖ ಸಪ್ಪೆಯಾಗುತ್ತೆ. ಬೆಳಕು ಪಕ್ಕದಿಂದ ಬೀಳಲಿ." ಕದ್ದವರಿಗೆ ಮಾತು ಜಾಸ್ತಿ ಎಂದುಕೊಂಡು ಹುಡುಗಿ ಕ್ಲಿಕ್ಕಿಸಿದಳು.

ಪ್ರದರ್ಶನಕ್ಕೆ ಅಮ್ಮನೊಬ್ಬಳನ್ನೇ ಕರೆದಿದ್ದಳು. ಇಸ್ತ್ರಿ ಶರ್ಟು ತೊಟ್ಟು ಅಪ್ಪನೂ ಹಾಜರ್! ಅವಳು ಚಿತ್ರವನ್ನು ತೆಗೆದುಬಿಡೋಣವೆಂದು ಓಡುವಷ್ಟರಲ್ಲಿ ಮೂವರೂ ಅದರ ಮುಂದೆ ನಿಂತಾಗಿತ್ತು.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಅಮ್ಮನ ಹುಬ್ಬು ಗಂಟಿಕ್ಕಿತು. ಅಪ್ಪ ಕನ್ನಡಕ ಏರಿಸಿ, ಬಗ್ಗಿ, ಬಹಳ ಹೊತ್ತು ನೋಡಿದರು. ತನ್ನ ಕೈಯಾರೆ ಮನೆ ಮುರಿದೆನಲ್ಲಾ ಎಂದು ಹುಡುಗಿಗೆ ಅಳುವೇ ಬಂತು.

"ಎಷ್ಟು ಸಣ್ಣಗಿದ್ದೆ ನೀನು!" ಎಂದರು ಅಪ್ಪ ಅಮ್ಮನ ಕಡೆ ತಿರುಗಿ.

ಅಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಈ ಪ್ಲೇಟು ಎಲ್ಲಿ ಸಿಕ್ತು ನಿಂಗೆ?"

ಇನ್ನು ಹಿಂದೆ ಸರಿಯುವಂತಿರಲಿಲ್ಲ. "ಸಾರ್ ಕಪಾಟಲ್ಲಿ," ಎಂದಳು ಹುಡುಗಿ. "ನಿನ್ನ ಮುಖದ ಮೇಲೆ ಹೀಗೆ ಗೀರಿದ್ದು ಯಾರಮ್ಮ?"

"ಇನ್ಯಾರು, ನಾನೇ. ಕನ್ನಡಿ ಮುಂದೆ ಕೂತು ಬರೆದವಳೂ ನಾನೇ, ಗೀರಿದವಳೂ ನಾನೇ. ಬೇಕಾದಷ್ಟು ಪ್ರತಿ ತೆಗೆದಾದ ಮೇಲೆ ಪ್ಲೇಟಿಗೆ ಗೀರು ಹಾಕ್ತಾರೆ, ಮುಂದೆ ಇನ್ಯಾರೂ ಅದ್ರಿಂದ ಅಚ್ಚು ತೆಗೀಬಾರದು ಅಂತ. ಅಷ್ಟೂ ಗೊತ್ತಿಲ್ವಾ?" ಅಮ್ಮ ಸರಕ್ಕನೆ ಮೇಷ್ಟ್ರ ಕಡೆ ತಿರುಗಿದಳು. "ಏನೋ, ಹಳೇ ಕಥೆ ಹೇಳಬೇಡ, ನನ್ನ ಮಗಳು ಅಂತ ಮಾರ್ಕ್ಸ್ ಜಾಸ್ತಿ ಕೊಡಬೇಡ ಅಂದಿದ್ದೆ. ಪಾಠಾನೂ ಮಾಡಬೇಡ ಅಂದಿದ್ನಾ?"

ಮೇಷ್ಟ್ರು ಕೈಕಟ್ಟಿ ನಿಂತು, ನೆರೆತ ಗಡ್ಡದೊಳಗೇ ತೊದಲಿದರು: "ಮಾಡಿದ್ದೀನಿ ಮೇಡಂ, ನೀವು ನಮ್ಮ ಬ್ಯಾಚಿಗೆ ಮಾಡಿದ ಹಾಗೇ."